ಶೃಂಗೇರಿಯಲ್ಲಿ ಅತ್ತೆ ಕಳೆದುಹೋದ ಮಧ್ಯಾಹ್ನ

ನಮ್ಮ ಅತ್ತೆಗೆ ಮರೆವಿನ ಕಾಯಿಲೆ ಹಿಡಿದ ಮೇಲೆ ಒಂದು ಹೊಸ ಹಠ ಶುರುವಾಯಿತು. ದಿನಾ ಸಂಜೆ ದೇವರ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಒಂದು ಬಟ್ಟೆಯ ಚೀಲಕ್ಕೆ ಸೀರೆ, ಬಾಚಣಿಗೆ, ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿಕೊಂಡು ಬಾಗಿಲ ಬಳಿ ಬಂದು ನಿಲ್ಲುತ್ತಿದ್ದರು. ಎಲ್ಲಿಗೆ ಎಂದರೆ ಶೃಂಗೇರಿಗೆ. ಅವರ ತವರು ನರಸಿಂಹರಾಜಪುರದ ಕಡೆಯ ಶೆಟ್ಟಿಕೊಪ್ಪ. ಚಿಕ್ಕವರಿದ್ದಾಗ ವರ್ಷಕ್ಕೊಮ್ಮೆ ಅಪ್ಪನ ಜೊತೆ ಶೃಂಗೇರಿಗೆ ಹೋಗುತ್ತಿದ್ದರಂತೆ. ಮದುವೆಯಾಗಿ ದಾವಣಗೆರೆಯ ಧೂಳಿಗೆ ಬಂದು ಅರ್ಧ ಶತಮಾನವಾಗಿದೆ. ನಾನು ಸೊಸೆಯಾಗಿ ಬಂದಂದಿನಿಂದ ಒಮ್ಮೆಯೂ ಶೃಂಗೇರಿಯ ಸುದ್ದಿ ಎತ್ತಿದವರಲ್ಲ. ಈಗ ದಿನಾ ಅದೇ ಹಾಡು. ಟಿವಿಯ ರಿಮೋಟ್ ಕಾಣದಿದ್ದರೆ ಶೃಂಗೇರಿಯ ಚೀಲದಲ್ಲಿ ನೋಡಿ ಎನ್ನುವುದು ನಮ್ಮ ಮನೆಯಲ್ಲಿ ಸಾಮಾನ್ಯ ಮಾತಾಗಿತ್ತು.

ಕರೆದುಕೊಂಡು ಹೋಗಿಯೇಬಿಡೋಣ ಎಂದೆ. ನನ್ನ ಗಂಡ ಸುತರಾಂ ಒಪ್ಪಲಿಲ್ಲ. ಜನಜಂಗುಳಿ, ಹೊಳೆ, ಮೆಟ್ಟಿಲು, ಏನಾದರೂ ಹೆಚ್ಚುಕಮ್ಮಿಯಾದರೆ ಯಾರು ಜವಾಬ್ದಾರಿ ಎಂದರು. ನಾನೇ ಎಂದೆ. ಬೇಡ ಎಂದದ್ದನ್ನು ಮಾಡದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಮಳೆಗಾಲ ಮುಗಿದು ಬಿಸಿಲು ಎಳೆಯದಾಗಿದ್ದ ಒಂದು ಬೆಳಿಗ್ಗೆ, ಇನ್ನೂ ಕತ್ತಲಿರುವಾಗಲೇ ಅತ್ತೆಯನ್ನು ಕಾರಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ನಾನೇ ಓಡಿಸಿಕೊಂಡು ಹೊರಟೆ.

ಶೆಟ್ಟಿಕೊಪ್ಪ ಬಂದಾಗ ಬೇಕೆಂದೇ ಕಾರು ನಿಲ್ಲಿಸಿದೆ. ಅತ್ತೆ ಕಿಟಕಿಯಿಂದ ನೋಡಿ, "ಯಾವೂರು ಇದು? ಚೆನ್ನಾಗಿದೆ" ಎಂದರು. ನಿಮ್ಮೂರೇ ಎಂದೆ. "ಹೌದಾ?" ಎಂದು ನಕ್ಕರು, ಬೇರೆಯವರ ಮನೆಯ ಮಗುವನ್ನು ಕಂಡು ನಗುವ ಹಾಗೆ. ನನಗೆ ಇಷ್ಟು ದೂರ ಬಂದದ್ದು ಯಾರಿಗಾಗಿ ಎನಿಸಿತು. ಗೇರು ಹಾಕಿ ಕೊಪ್ಪದ ದಾರಿ ಹಿಡಿದೆ.

ಶೃಂಗೇರಿಯಲ್ಲಿ ಮಾತ್ರ ಅವರು ಲವಲವಿಕೆಯಿಂದ ಇದ್ದರು. ಹಳೆಯ ಕಲ್ಲಿನ ದೇವಸ್ಥಾನದೊಳಗೆ ರಾಶಿಗೊಂದರಂತೆ ಕೆತ್ತಿದ ಕಂಬಗಳಿವೆಯಲ್ಲ, ಒಂದೊಂದರ ಮುಂದೆಯೂ ನಿಂತು, "ನಿಂದು ಯಾವ ರಾಶಿ?" ಎಂದು ಕೇಳಿದರು. ಮೊದಲ ಕಂಬಕ್ಕೆ ನಿಜ ಹೇಳಿದೆ. ಆಮೇಲೆ ನಾನೂ ಆಟಕ್ಕೆ ಬಿದ್ದು ಕಂಬಕ್ಕೊಂದು ರಾಶಿ ಹೇಳುತ್ತ ಹೋದೆ. ಎಲ್ಲಕ್ಕೂ "ಒಳ್ಳೇ ರಾಶಿ" ಎಂಬ ಪ್ರಶಸ್ತಿ ಸಿಕ್ಕಿತು. ತುಂಗೆಯ ಮೆಟ್ಟಿಲಲ್ಲಿ ಕೂತು ಮೀನುಗಳಿಗೆ ಮಂಡಕ್ಕಿ ಹಾಕಿದೆವು. ತೋಳುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುವುದನ್ನು ಕಂಡು ಅತ್ತೆ, "ನಮ್ಮನೆ ಬೀಗರು ಪಂಕ್ತಿಗೆ ಕೂತಂಗಿದೆ" ಎಂದರು. ಆ ಬೀಗರು ನನ್ನ ತವರಿನವರೇ ಎಂಬುದು ಅವರಿಗೆ ಮರೆತಿತ್ತು. ನಾನೂ ನೆನಪಿಸಲಿಲ್ಲ.

ಪ್ರಸಾದದ ಊಟವಾಯಿತು. ಅತ್ತೆಯನ್ನು ನೆರಳಿನ ಕಟ್ಟೆಯ ಮೇಲೆ ಕೂರಿಸಿ, ಇಲ್ಲೇ ಇರಿ ಎಂದು ಬೆರಳು ತೋರಿಸಿ ಹೇಳಿ, ಚಪ್ಪಲಿ ತರಲು ಹೋದೆ. ಚಪ್ಪಲಿ ಬಿಡುವಲ್ಲಿ ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳ ದಂಡೇ ಮುತ್ತಿಕೊಂಡಿತ್ತು. ಎರಡು ಜೊತೆ ಚಪ್ಪಲಿ ಹಿಡಿದು ಹಿಂತಿರುಗಿ ನೋಡಿದರೆ ಕಟ್ಟೆ ಖಾಲಿ.

ಮೊದಲು ಕೋಪವೇ ಬಂತು. ನನ್ನ ಸ್ವಭಾವವೇ ಅದು, ಹೆದರಿಕೆಗಿಂತ ಮುಂಚೆ ಕೋಪ ಬಂದು ಕುರ್ಚಿ ಹಾಕಿಕೊಂಡು ಕೂರುತ್ತದೆ. ಕಟ್ಟೆಯ ಸುತ್ತ, ದೇವಸ್ಥಾನದ ಸುತ್ತ, ಊಟದ ಮನೆಯ ಬಾಗಿಲ ತನಕ ಬೈಯುತ್ತಲೇ ಹುಡುಕಿದೆ. ಆಮೇಲೆ ಮೀನಿನ ಮೆಟ್ಟಿಲ ನೆನಪಾಗಿ ಕೋಪ ಎಲ್ಲಿ ಹೋಯಿತೋ ತಿಳಿಯದು. ಓಡಿದೆ. ಮೆಟ್ಟಿಲ ಮೇಲೆ ಜನ ಇದ್ದರು, ಮಂಡಕ್ಕಿ ಎಸೆಯುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ಅತ್ತೆ ಇರಲಿಲ್ಲ. ಬೆಳಿಗ್ಗೆ ಚೆಂದ ಕಂಡಿದ್ದ ಅದೇ ಹೊಳೆಯನ್ನು ಈಗ ಕಣ್ಣೆತ್ತಿ ನೋಡಲು ಆಗುತ್ತಿರಲಿಲ್ಲ. ಯಾರಾದರೂ ವಯಸ್ಸಾದವರು ನೀರಿನ ಹತ್ತಿರ ಬಂದಿದ್ದರಾ ಎಂದು ಸಿಕ್ಕಸಿಕ್ಕವರನ್ನು ಕೇಳಿದೆ. ಯಾರೂ ನೋಡಿರಲಿಲ್ಲ. ಅದನ್ನು ಒಳ್ಳೆಯ ಸುದ್ದಿ ಎಂದುಕೊಳ್ಳಬೇಕೋ ಕೆಟ್ಟದ್ದೆಂದೋ ಗೊತ್ತಾಗಲಿಲ್ಲ.

ಮೈಕಿನಲ್ಲಿ ಕೂಗಿಸಿದೆ. ಕೂಗಿಸುವಾಗಲೇ ಅದು ದಂಡ ಎಂದು ಗೊತ್ತಿತ್ತು. ತಮ್ಮ ಹೆಸರು ಕರೆದರೆ ಅತ್ತೆ ಅಕ್ಕಪಕ್ಕ ನೋಡುತ್ತಾರೆ, ಯಾರನ್ನೋ ಕರೆಯುತ್ತಿದ್ದಾರೆ ಪಾಪ ಎಂದು. ಪೊಲೀಸರಿಗೆ ಹೇಳಿ, ಬೀದಿಗೆ ಬಂದು ಅಂಗಡಿ ಅಂಗಡಿ ವಿಚಾರಿಸಿದೆ. ಪಕ್ಕದ ಓಣಿಯಲ್ಲಿ ಅಂಗಳಕ್ಕೆ ಚಪ್ಪರ ಹಾಕಿದ ಒಂದು ಮನೆಯಿತ್ತು. ಮರುದಿನ ಅಲ್ಲಿ ಉಪನಯನ. ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತಿದ್ದ ಯಜಮಾನರನ್ನು, ಮರೆವು ಇರುವ ಒಬ್ಬರು ಅಜ್ಜಿ ದಾರಿ ತಪ್ಪಿ ಈ ಕಡೆ ಬಂದರಾ ಎಂದು ಕೇಳಿದೆ.

"ಇಲ್ಲ ಮಾರಾಯ್ರೆ, ಹಂಗೆ ದಾರಿ ತಪ್ಪಿದೋರು ಯಾರೂ ಬರ್ಲಿಲ್ಲ. ಇಲ್ಲಿ ಇರೋರೆಲ್ಲ ನಮ್ಮೋರೇ," ಎಂದರು. ಪಾಪ, ಕಟ್ಟುತ್ತಿದ್ದ ತೋರಣ ಕೆಳಗಿಟ್ಟು ಬೀದಿಯ ಕೊನೆಯವರೆಗೂ ನನ್ನ ಜೊತೆ ಬಂದು ನೋಡಿದರು. "ನೀವು ಬಸ್ ಸ್ಟ್ಯಾಂಡ್ ಹತ್ರ ಒಮ್ಮೆ ನೋಡಿ. ವಯಸ್ಸಾದೋರು ತವರಿಗೆ ಹೋಗ್ತೀನಿ ಅಂತ ಬಸ್ ಹತ್ತಿ ಬಿಡ್ತಾರೆ."

ತವರು ಎಂದ ಕೂಡಲೇ ನನಗೆ ಅದೇ ನಿಜ ಎನಿಸಿಬಿಟ್ಟಿತು. ಕಾರು ಓಡಿಸುವ ಸ್ಥಿತಿ ಇರಲಿಲ್ಲ. ಆಟೋ ಹತ್ತಿದೆ. ಬಸ್ ಸ್ಟ್ಯಾಂಡಿನಲ್ಲಿ ಅತ್ತೆಯ ತವರಿನ ಕಡೆಗೇ ಹೋಗುವ ಕೊಪ್ಪದ ಬಸ್ಸು ಆಗಷ್ಟೇ ಹೋಗಿತ್ತು. ಆಟೋದವನು ನನ್ನ ಮುಖ ನೋಡಿ, ಆಟೋ ತಿರುಗಿಸಿ ಬಸ್ಸಿನ ಹಿಂದೆ ಬಿದ್ದ. ಊರ ಹೊರಗೆ ಅಡ್ಡ ಹಾಕಿ ನಿಲ್ಲಿಸಿಯೂ ಬಿಟ್ಟ. ಒಂದೊಂದೇ ಸೀಟು ನೋಡುತ್ತ ಹೋದೆ. ಕೊನೆಯ ಸೀಟಿನಲ್ಲಿ ಬೆಳ್ಳನೆಯ ಕೂದಲಿದ್ದ ಒಬ್ಬರು ಕಿಟಕಿಗೆ ಒರಗಿ ನಿದ್ದೆ ಹೋಗಿದ್ದರು. ನಾನು ಭುಜ ಮುಟ್ಟಿದಾಗ ಅವರು ಮುಖ ತಿರುಗಿಸಿದರು. ಬೇರೆ ಯಾರೋ.

"ಹೆದ್ರಬೇಡಿ ಅಕ್ಕ," ಎಂದ ಆಟೋದವನು ವಾಪಸು ಬರುವಾಗ. "ನಮ್ಮೂರಲ್ಲಿ ಕಳ್ಕೊಂಡೋರು ಸಿಕ್ಕೇ ಸಿಗ್ತಾರೆ." ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನನಗೆ ಮಾತ್ರ ಕಣ್ಣಿನ ಮುಂದೆ ಹೊಳೆಯ ನೀರೇ ಕಾಣುತ್ತಿತ್ತು. ಗಂಡನಿಗೆ ಫೋನ್ ಮಾಡಲು ತೆಗೆಯುವುದು, ಒಳಗಿಡುವುದು, ಇದೇ ಆಯಿತು. ಮಡಿಲಲ್ಲಿ ಅತ್ತೆಯ ಚಪ್ಪಲಿ ಇದ್ದವು. ಬಿಸಿಲಿಗೆ ಬರಿಗಾಲಲ್ಲಿ ಎಲ್ಲಿ ನಡೆಯುತ್ತಿದ್ದಾರೋ ಎಂದು ಯೋಚಿಸಿ ಅಳು ಬಂತು. ಇಷ್ಟು ವರ್ಷದಲ್ಲಿ ಅವರಿಗಾಗಿ ನಾನು ಅತ್ತದ್ದು ಅದೇ ಮೊದಲು. ಅವರಿಂದಾಗಿ ಅತ್ತದ್ದು ಬೇರೆ, ಅದಕ್ಕೆ ಲೆಕ್ಕವಿಲ್ಲ.

ಚಪ್ಪರದ ಮನೆಯ ಓಣಿಗೆ ಬಂದಾಗ ಬಾಳೆ ಎಲೆಯ ಕಟ್ಟುಗಳನ್ನು ಇಳಿಸುತ್ತಿದ್ದ ಒಂದು ಗಾಡಿ ದಾರಿಗೆ ಅಡ್ಡ ನಿಂತಿತ್ತು. ಆಟೋದವನು ಎಂಜಿನ್ ಆಫ್ ಮಾಡಿದ. ಆಗ ಮನೆಯ ಹಿಂದಿನಿಂದ ಒಂದು ಧ್ವನಿ ಕೇಳಿತು.

"ಇದೆಂತ ಹೆಚ್ಚೂದು? ದನಕ್ಕೆ ಹಾಕೂಕಾ? ಸಣ್ಣ ಮಾಡು, ಸಣ್ಣ!"

ಆ ಧ್ವನಿಯ ಗುರುತು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನನ್ನ ಪಲ್ಯ, ನನ್ನ ರಂಗೋಲಿ, ನಾನು ಮಡಚಿದ ಸೀರೆ, ಎಲ್ಲದರ ಮೇಲೂ ಬಿದ್ದ ಧ್ವನಿ. ಕಾಯಿಲೆ ಬಂದ ಮೇಲೆ ಅದು ತಗ್ಗಿ ಹೋಗಿತ್ತು, ಕೇಳಿ ಎಷ್ಟೋ ದಿನವಾಗಿತ್ತು. ಆಟೋದಿಂದ ಹಾರಿ, ಗಾಡಿಯ ಸಂದಿಯಲ್ಲಿ ತೂರಿ, ತೋರಣದ ಯಜಮಾನರನ್ನು ದಾಟಿ ಹಿತ್ತಲಿಗೆ ಓಡಿದೆ.

ಹಿತ್ತಲಿನ ಚಪ್ಪರದಡಿ ಹೆಂಗಸರು ಚಾಪೆ ಹಾಸಿಕೊಂಡು ನಾಳೆಯ ಅಡುಗೆಗೆ ತರಕಾರಿ ಹೆಚ್ಚುತ್ತಿದ್ದರು. ಮಧ್ಯದಲ್ಲಿ, ದೊಡ್ಡದೊಂದು ಈಳಿಗೆ ಮಣೆಯನ್ನು ಕಾಲಿನಡಿ ಒತ್ತಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಮ್ಮ ಅತ್ತೆ. ಬಾಳೆದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತ, ಎದ್ದ ನಾರನ್ನು ಬೆರಳಿಗೆ ಸುತ್ತಿ ತೆಗೆದು, ಬಿಲ್ಲೆಯನ್ನು ಮಜ್ಜಿಗೆ ನೀರಿನ ಪಾತ್ರೆಗೆ ಹಾಕುತ್ತಿದ್ದರು. ಕೈ ಕೊಯ್ದುಕೊಳ್ಳುತ್ತಾರೆಂದು ನಮ್ಮ ಮನೆಯ ಈಳಿಗೆ ಮಣೆಯನ್ನು ಅಟ್ಟ ಹತ್ತಿಸಿ ವರ್ಷವಾಗಿತ್ತು. ಇಲ್ಲಿ ನೋಡಿದರೆ ಪಕ್ಕದಲ್ಲಿ ಕಾಫಿ ಲೋಟ ಬೇರೆ.

ನಾನು ಅಲ್ಲೇ ಕಂಬಕ್ಕೆ ಒರಗಿ ಕೂತುಬಿಟ್ಟೆ. ಹೆಂಗಸರು ಗಾಬರಿಯಾಗಿ ನೀರು ತಂದರು. ವಿಷಯ ಹೇಳಿದರೆ ಮನೆಯ ಯಜಮಾನಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು.

"ಅಯ್ಯೋ, ನಾವು ಇವ್ರನ್ನ ನಮ್ಮತ್ತಿಗೆ ತವರಿನ ಕಡೆಯೋರು ಅಂತ ಮಾಡಿದ್ವಿ!"

"ನಾನು ನಿಮ್ಮ ಮನೆಯೋರ ಕಡೆ ದೊಡ್ಡಮ್ಮ ಅಂದ್ಕೊಂಡೆ," ಎಂದರು ಪಕ್ಕದಲ್ಲೇ ಕೂತಿದ್ದ ಆ ಅತ್ತಿಗೆ. "ಸೀದಾ ಬಂದ್ರು, ಕೈಕಾಲು ತೊಳ್ಕೊಂಡ್ರು, 'ಮಣೆ ಕೊಡಿ' ಅಂದ್ರು. ಯಾವೂರಾಯ್ತು ಅಂತ ಕೇಳಿದ್ದಕ್ಕೆ ಶೆಟ್ಟಿಕೊಪ್ಪ ಅಂದ್ರು. ಶೆಟ್ಟಿಕೊಪ್ಪದಲ್ಲಿ ಎರಡು ಕಡೆಗೂ ನೆಂಟರು ಇದಾರಲ್ಲ. ಮತ್ತೆ ಎಂತ ಕೇಳೂದು?"

ನಿಜ, ಕೇಳುವ ಹಾಗಿಲ್ಲ. ಶುಭಕಾರ್ಯದ ಮನೆಗೆ ಬಂದು ತರಕಾರಿಗೆ ಕೂತ ಹಿರಿಯರನ್ನು ನೀವು ಯಾರು ಎನ್ನುವುದು ಆ ಸೀಮೆಯಲ್ಲಿ ಮುಖಕ್ಕೆ ಹೊಡೆದ ಹಾಗೆ. ನೆಂಟರನ್ನೇ ಗುರುತು ಹಿಡಿಯದ ಮನೆ ಎಂಬ ಹೆಸರು ಬರುತ್ತದೆ. ಅದಕ್ಕೇ ಇವರು ಅವರ ಕಡೆಯವರೆಂದುಕೊಂಡು, ಅವರು ಇವರ ಕಡೆಯವರೆಂದುಕೊಂಡು, ಎಲ್ಲರೂ ಸೇರಿ ನಮ್ಮ ಅತ್ತೆಗೆ ಕಾಫಿ ಕೊಟ್ಟು, ಅವರಿಂದ ಬೈಸಿಕೊಂಡು ಹೆಚ್ಚುತ್ತಿದ್ದರು. ಯಜಮಾನರು ನನಗೆ ಸುಳ್ಳು ಹೇಳಿರಲಿಲ್ಲ. ದಾರಿ ತಪ್ಪಿದ ಅಜ್ಜಿ ಅಲ್ಲಿಗೆ ಬಂದೇ ಇರಲಿಲ್ಲ.

ನನಗೆ ನಗು ಬಂತು, ನಗುತ್ತಿರುವಾಗಲೇ ಅಳುವೂ ಬಂತು, ಎರಡನ್ನೂ ತಡೆಯಲಾಗಲಿಲ್ಲ. ಆಟೋದವನು ಬಾಗಿಲಲ್ಲಿ ಇಣುಕಿ, "ನಾ ಹೇಳ್ಲಿಲ್ವಾ?" ಎಂದು ಜಂಬ ಕೊಚ್ಚಿಕೊಂಡ. ಅವನಿಗೂ ಕಾಫಿ ಬಂತು. ಯಜಮಾನರು ಪೊಲೀಸರಿಗೆ ತಿಳಿಸಿ ಬರುತ್ತೇನೆಂದು ಸ್ಕೂಟರ್ ಹತ್ತಿದರು. ನಾನು ಗಂಡನಿಗೆ ಫೋನ್ ಮಾಡಿ, ನಿಮ್ಮಮ್ಮ ಒಬ್ಬರ ಮನೆಯ ಉಪನಯನದಲ್ಲಿದ್ದಾರೆ, ಚೆನ್ನಾಗಿದ್ದಾರೆ ಎಂದಷ್ಟೇ ಹೇಳಿದೆ. ಯಾರ ಉಪನಯನ ಎಂದರು. ಗೊತ್ತಿಲ್ಲ ಎಂದು ಇಟ್ಟೆ.

ಆಮೇಲೆ ಅತ್ತೆಯ ಎದುರು ಹೋಗಿ ಮಂಡಿಯೂರಿ ಕೂತೆ. ಕೈ ಹಿಡಿದುಕೊಳ್ಳಬೇಕೆನಿಸಿತು, ಆ ಕೈಗೆ ಬಿಡುವಿರಲಿಲ್ಲ. ಅವರು ಬಿಲ್ಲೆಯೊಂದನ್ನು ಪಾತ್ರೆಗೆ ಹಾಕಿ, ತಲೆಯೆತ್ತಿ ನನ್ನ ಮುಖವನ್ನೇ ನೋಡಿದರು. ಗುರುತು ಸಿಗಲಿಲ್ಲ. ಆದರೆ ಕಣ್ಣಲ್ಲಿ ಕನಿಕರ ಇತ್ತು, ನನ್ನನ್ನು ಚೆನ್ನಾಗಿ ಬಲ್ಲ ದಿನಗಳಲ್ಲಿ ನಾನು ಅಲ್ಲಿ ಕಂಡಿರದ ಕನಿಕರ.

"ಎಂತಕ್ಕೆ ಅಳ್ತೀ ಕೂಸೆ?" ಎಂದರು.

"ಒಬ್ಬರು ಕಳೆದುಹೋಗಿದ್ದರು," ಎಂದೆ.

"ಯಾರು?"

"ನಮ್ಮ ಅತ್ತೆ."

"ಅಯ್ಯೋ ಪಾಪ," ಎಂದು ಈಳಿಗೆಯಿಂದ ಕೈ ತೆಗೆದರು. "ಸಿಕ್ಕಿದ್ರಾ?"

"ಸಿಕ್ಕಿದರು."

"ಮತ್ತೆ ಅಳೂದು ಯಾಕೆ? ಸಿಕ್ಕಿದ್ರಲ್ಲ." ನನ್ನ ಕೆನ್ನೆಯನ್ನು ತಮ್ಮ ಸೆರಗಿನಿಂದಲೇ ಒರೆಸಿ, ಪಕ್ಕದಲ್ಲಿದ್ದ ಬೀನ್ಸಿನ ಬುಟ್ಟಿಯನ್ನು ನನ್ನ ಕಡೆ ದೂಡಿದರು. "ಕೂತ್ಕೋ. ನಾರು ತೆಗಿ."

ನಾನು ಅವರ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಬೀನ್ಸ್ ಕೈಗೆತ್ತಿಕೊಂಡೆ.