ಬಾಯಿಗೆ ಬಾರದ ಪಾಸ್‌ವರ್ಡ್

ಬಡವನಹಳ್ಳಿಯ ಗಿರಿಯಮ್ಮನಿಗೆ ಹೊಸದೇನಾದರೂ ಕಂಡರೆ ತಿರುವಿ ಮುರುವಿ ನೋಡದೆ ಉಂಡದ್ದು ಅರಗುವುದಿಲ್ಲ. ಕುರಿ ಕಾದು ಬೆಳೆದ ಜೀವ. ಬೇಲಿ ಕಂಡರೆ ಆಚೆಗೆ ಇಣುಕಲೇಬೇಕು. ಸೊಸೆ ಯಶೋದ ಮದುವೆಗಳ ಫೋಟೋ, ವಿಡಿಯೋ ತೆಗೆಯುವವಳು. ಅವನ್ನೆಲ್ಲ ಅವಳು ಹಾರ್ಡ್‌ಡಿಸ್ಕಿನ ಒಂದು ಕಪ್ಪು ಡಬ್ಬದಲ್ಲಿ ಕೂಡಿಟ್ಟಿದ್ದಳು. ಮನೆಯ ವೈಫೈ ಸಿಕ್ಕವರ ಫೋನಿನಲ್ಲೆಲ್ಲ ಅವು ತೆರೆಯುತ್ತಿದ್ದವು.

“ವೈರೇ ಇಲ್ವಲ್ಲಮ್ಮಿ, ಹೆಂಗೆ ಬತ್ತವೆ?” ಎಂದು ಗಿರಿಯಮ್ಮ ಡಬ್ಬದ ಹಿಂದೆ ಮುಂದೆ ಕೈಯಾಡಿಸಿದ್ದಳು.

ಅದರೊಳಗೆ ಅವಳದೂ ಒಂದು ಆಸ್ತಿಯಿತ್ತು. ತೀರಿಹೋದ ಗಂಡ ಸಂಜೆ ಹೊತ್ತು ಕುರಿ ಕರೆಯುತ್ತಿದ್ದ ಕೂಗನ್ನು ಯಶೋದ ಹಿಂದೊಮ್ಮೆ ಹಿಡಿದಿಟ್ಟಿದ್ದಳು. ಈಚೆಗೆ ಆ ದನಿ ನೆನಪಿನಲ್ಲಿ ಸರಿಯಾಗಿ ನಿಲ್ಲದೆ ಗಿರಿಯಮ್ಮನಿಗೆ ಭಯವಾಗುತ್ತಿತ್ತು. ದಿನಾ ಒಮ್ಮೆ ಕೇಳಿಸಿಕೊಂಡರೇ ಸಮಾಧಾನ.

ಮೊನ್ನೆ ಬಂದ ನೆಂಟರೊಬ್ಬರು ಫೋನು ಒತ್ತುತ್ತಾ ಯಾರದೋ ಮದುವೆಯ ಅರ್ಧ ಫೋಟೋ ಅಳಿಸಿಬಿಟ್ಟರು. ಯಶೋದ ಮಾರನೆಯ ದಿನವೇ ಡಬ್ಬಕ್ಕೆ ಬೀಗ ಹಾಕಿದಳು.

“ರೊಪ್ಪ ಒಂದೇ ಆದ್ರೂ ಕುರಿ ಕಿವೀಗೆ ಮನೆಮನೆಗೂ ಬೇರೆ ಗುರುತು ಹಾಕ್ತೀರಲ್ಲತ್ತೆ, ಅಂಗೆ ಎಲ್ರಿಗೂ ಬೇರೆಬೇರೆ ಪಾಸ್‌ವರ್ಡ್. ನಿಮ್ದಕ್ಕೆ ಮಾವನ ಹೆಸರು ಮಡಗಿವ್ನಿ, ಮರೆಯಂಗಿಲ್ಲ. ಮೂರು ಸಲ ತಪ್ಪಿದ್ರೆ ಮುಚ್ಕಂತದೆ, ಆಮೇಲೆ ನಾನೇ ಬರಬೇಕು.”

ಜಾಣೆ ಸೊಸೆ ಎಲ್ಲವನ್ನೂ ಯೋಚಿಸಿದ್ದಳು, ಒಂದನ್ನು ಬಿಟ್ಟು.

ಯಶೋದ ಮದಲೂರಿನ ಮದುವೆಗೆ ಹೋದ ದಿನ ಗಿರಿಯಮ್ಮನ ಮನಸ್ಸು ತಡೆಯಲಿಲ್ಲ. ಇಂಗ್ಲಿಷ್ ಅಕ್ಷರ ಬಾರದು. ಪಾವಗಡದಿಂದ ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ, ತೆಲುಗು ಬೆರೆಸಿ ಮಾತಾಡುವ ಪುಷ್ಪಾವತಿಯ ಮುಂದೆ ಫೋನು ಹಿಡಿದಳು.

“ಪಾಸ್‌ವರ್ಡ್ ಏಮಮ್ಮಾ?”

“ನಮ್ಮನೆಯವ್ರ ಹೆಸರು.”

“ಅದೇ, ಏನು ಹೆಸರು?”

“ನಾನು ಹೇಳಂಗಿಲ್ಲ ಕಣಮ್ಮ.” ತಾಳಿ ಕಟ್ಟಿಸಿಕೊಂಡಂದಿನಿಂದ ಗಂಡನ ಹೆಸರು ಅವಳ ಬಾಯಿಂದ ಬಂದಿರಲಿಲ್ಲ. ಅವರು ಹೋದ ಮೇಲೂ ಅಷ್ಟೇ. “ರಾಮದೇವ್ರ ಬಂಟ, ಬೆಟ್ಟ ಹೊತ್ಕಂಡು ಬಂದ್ನಲ್ಲ, ಆ ಸ್ವಾಮಿ ಹೆಸರು.”

ಪುಷ್ಪಾವತಿ ಹನುಮಂತಪ್ಪ ಎಂದು ಒತ್ತಿದಳು. ತೆರೆಯಲಿಲ್ಲ. ಮಾರುತಿ ಎಂದಳು. ಅದೂ ಇಲ್ಲ.

“ಇನ್ನೊಂದೇ ಸಲ ಅಂತೆ. ನೀವೇ ಚೆಪ್ಪಮ್ಮಾ.”

ಹೆಸರು ಕೇಳಿ ತಿಳಿಯಲು ಅಕ್ಕಪಕ್ಕದಲ್ಲಿ ಬೇರೆ ಯಾರೂ ಇರಲಿಲ್ಲ. ಎಲ್ಲರೂ ಹೊಲದ ಕಡೆ ಹೋಗಿದ್ದರು. ಗಿರಿಯಮ್ಮ ಸೆರಗು ತಲೆಯ ಮೇಲೆಳೆದುಕೊಂಡಳು. ಅದರ ಜೊತೆಗೇ ಅವಳ ಹಳೆಯ ಚಾಳಿಯೂ ತಲೆಯೆತ್ತಿತು: ಹೆಸರು ಅಂದುಬಿಟ್ಟರೆ ಏನಾದೀತು?

“ಅಂಜನಪ್ಪ,” ಅಂದಳು.

ಪುಷ್ಪಾವತಿ ಒತ್ತಿದಳು. ಬೀಗ ತೆರೆಯಿತು. “ಹೋ... ಓ...” ಎಂದು ಗಂಡನ ದನಿ ಒಳಗಿನಿಂದ ಓಗೊಟ್ಟಿತು. ಗಿರಿಯಮ್ಮ ಜಗಲಿಯ ಮೇಲೆ ಕೂತಳು. ಕಣ್ಣಲ್ಲಿ ನೀರು, ಮುಖದಲ್ಲಿ ಹೊಸ ಸೊಸೆಯ ನಾಚಿಕೆ.

“ಇನ್ನೊಂದ್ಸಲ ಹಾಕ್ಲಾ?” ಎಂದಳು ಪುಷ್ಪಾವತಿ.

“ತಾಳಮ್ಮ, ಬೀಗ ಹಾಕ್ಬುಡು,” ಎಂದಳು ಗಿರಿಯಮ್ಮ. “ನಾನೇ ಇನ್ನೊಂದ್ಸಲ ಕರೀತೀನಿ.”