ದಾರ ಸುತ್ತಿದ ಕುಡುಗೋಲು

ಹೊಸದಾಗಿ ಕೊಯ್ದ ಹುಲ್ಲಿನ ವಾಸನೆ ಎಲ್ಲರಿಗೂ ಹಿತವಂತೆ. ನಾನು ಮಾತ್ರ ಅದು ಮೂಗಿಗೆ ಬಡಿದರೆ ಇವತ್ತಿಗೂ ಎದ್ದು ಕಿಟಕಿ ಮುಚ್ಚುತ್ತೇನೆ. ಆ ಹಸಿ ವಾಸನೆಯ ಹಿಂದೆಯೇ ಗಜೇಂದ್ರಗಡದ ಗುಡ್ಡದ ಬುಡದಲ್ಲಿದ್ದ ನಮ್ಮ ಮನೆ ಬಂದು ನಿಲ್ಲುತ್ತದೆ. ಮಣ್ಣಿನ ಮಾಳಿಗೆ, ಹೊಗೆ ಕುಡಿದು ಕಪ್ಪಾದ ತೊಲೆ, ತೊಲೆಗೆ ಸಾಲಾಗಿ ತೂಗುಹಾಕಿದ ಕುಡುಗೋಲುಗಳು. ಮನೆ ಬಿದ್ದು ಎಷ್ಟೋ ಕಾಲವಾಯಿತು. ಆ ಜಾಗದಲ್ಲಿ ಈಗ ಯಾರೋ ದನ ಕಟ್ಟುತ್ತಾರೆ.

ಆ ಕುಡುಗೋಲುಗಳು ನಮ್ಮವಷ್ಟೇ ಅಲ್ಲ, ಇಡೀ ಓಣಿಯವು. ಮಳೆ ಬಿದ್ದು ಗುಡ್ಡದ ಇಳಿಜಾರು ಹಸಿರಾಯಿತೆಂದರೆ ಎಲ್ಲರೂ ಅವನ್ನು ತಂದು ನಮ್ಮ ಆಯಿಯ ಕೈಗೆ ಕೊಡುತ್ತಿದ್ದರು. ಆಯಿ ಎಂದರೆ ನನ್ನ ತಂದೆಯ ತಾಯಿ. ಅವಳು ಒಂದೊಂದರ ಹಿಡಿಗೂ ಅರಿಷಿಣ ಹಚ್ಚಿದ ದಾರ ಸುತ್ತಿ ತೊಲೆಗೇರಿಸುವಳು. ಇಳಿಜಾರಿನ ಹುಲ್ಲಿನಲ್ಲಿ ಕೌಜುಗ ಹಕ್ಕಿಗಳು ನೆಲದ ಮೇಲೆಯೇ ಗೂಡು ಮಾಡುತ್ತಿದ್ದವು. ತಾಯಿಹಕ್ಕಿ ಮರಿಗಳನ್ನು ಕರೆಯುವ ಸಣ್ಣ ದನಿ ಮೂರು ಬೆಳಗು ಕೇಳದಿದ್ದರೆ ಮರಿಗಳು ಹಾರಿದವೆಂದು ಲೆಕ್ಕ. ಅಲ್ಲಿಯತನಕ ದಾರ ಬಿಚ್ಚುವಂತಿಲ್ಲ. ಯಾರಾದರೂ ಪಂಚಾಂಗದ ಮಾತೆತ್ತಿದರೆ, "ಹಕ್ಕಿಗೇನ ಪಂಚಾಂಗ ಓದಾಕ ಬರ್ತೈತೇನ?" ಎಂದು ಬಾಯಿ ಮುಚ್ಚಿಸುವಳು. ಅವಳ ಅತ್ತೆಯೂ ಹೀಗೆಯೇ ಗುಡ್ಡ ಕಾಯ್ದವಳು.

ನನಗೆ ಎಂಟು ತುಂಬುವ ಹೊತ್ತಿಗೆ ಆಯಿಗೆ ಕಿವಿ ಮಂದವಾಗಿತ್ತು. ನೀರು ತಾ ಅಂದರೆ ನುಚ್ಚು ತರುವಳೆಂದು ನಾವು ನಗುತ್ತಿದ್ದೆವು, ಅವಳೂ ನಗುತ್ತಿದ್ದಳು. ಆದರೆ ಗುಡ್ಡದ ಕೆಲಸಕ್ಕೆ ನಗೆ ಸಾಲದು. "ಇನ್ನ ನನ್ನ ಕಿವಿ ನೀನ ನೋಡವಾ," ಎಂದು ನನ್ನನ್ನು ಬೆಳಿಗ್ಗೆ ಬಂಡೆಯ ಮೇಲೆ ಕೂತು ಕೇಳಿ ಬರಲು ಕಳಿಸತೊಡಗಿದಳು. ನಾನು ಬೀಗಿಹೋದೆ. ಇಡೀ ಓಣಿ ನನ್ನ ಮಾತಿಗೆ ಕಾಯುತ್ತಿತ್ತಲ್ಲ!

ನರಗುಂದದ ರೈತ ಬಂಡಾಯಕ್ಕೆ ಇನ್ನೂ ಎರಡು ವರ್ಷವಿತ್ತು. ಪಕ್ಕದ ಮನೆಯ ಹುಸೇನಸಾಬ ತನ್ನ ಕುದುರೆ ಮೋತಿಯ ಮೇಲೆ ಸೀರೆಯ ಗಂಟು ಹೇರಿಕೊಂಡು ರೋಣದ ಸಂತೆಗೆ ಹೋಗುತ್ತಿದ್ದ. ಆ ಸಲ ಮೋತಿ ಗಬ್ಬವಾಗಿತ್ತು. ಬಯಲಿನ ಹುಲ್ಲನ್ನು ದನಗಳು ಬುಡಸಮೇತ ಮೇಯ್ದಿದ್ದವು. ನಾನು ಹತ್ತಿರ ಹೋದರೆ ಮೋತಿ ನನ್ನ ಲಂಗದ ಅಂಚನ್ನೇ ಮೆಲ್ಲುತ್ತಿತ್ತು. ಅದರ ಪಕ್ಕೆಲುಬು ಎಣಿಸಬಹುದಿತ್ತು. "ಇನ್ನ ಎಷ್ಟ ದಿವಸರಿ ಆಯೀ?" ಎಂದು ಹುಸೇನಸಾಬ ಕೇಳಿದ್ದು ಒಮ್ಮೆ ಮಾತ್ರ. ಆಯಿ ನನ್ನ ಕಡೆ ಕೈ ತೋರಿಸಿದಳು.

ಮೂರು ಬೆಳಗೂ ನಾನು ಬಂಡೆಯ ಮೇಲೆ ಕೂತೆ. ಮೂರು ಬೆಳಗೂ ಹುಲ್ಲಿನೊಳಗಿಂದ ಆ ದನಿ ಬಂತು. ಮೂರು ಬೆಳಗೂ ಇಳಿದು ಬಂದು, ಆಯಿಯ ಕಿವಿಗೆ ಬಾಯಿಟ್ಟು, "ಏನೂ ಕೇಳಸಲಿಲ್ಲ," ಎಂದೆ. ನಾಲ್ಕನೆಯ ದಿನ ಆಯಿ ದಾರ ಬಿಚ್ಚಿದಳು.

ಮಧ್ಯಾಹ್ನದ ಹೊತ್ತಿಗೆ ಹುಸೇನಸಾಬ ಗುಡ್ಡ ಇಳಿದು ಬಂದ. ಕುಡುಗೋಲಿಗೆ ಸಿಕ್ಕು ಸತ್ತ ಕೌಜುಗವನ್ನು ರುಮಾಲಿನಲ್ಲಿ ಸುತ್ತಿ ತಂದಿದ್ದ. ಮರಿಗಳ ಮೇಲಿಂದ ಅದು ಎದ್ದೇ ಇರಲಿಲ್ಲವಂತೆ. "ತಪ್ಪ ಆತ್ರಿ ಆಯೀ, ನಾ ನೋಡಿ ಕೊಯ್ಯಬೇಕಿತ್ತ," ಎಂದು ರುಮಾಲನ್ನು ಆಯಿಯ ಮುಂದೆ ಇಟ್ಟ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರೆ. ನಾನು ಕಂಬದ ಹಿಂದೆ ಸರಿದೆ. ಆಯಿ ಕಣ್ಣಿನಲ್ಲೇ ನನ್ನನ್ನು ಹುಡುಕಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ನಿಂದೂ ತಪ್ಪಲ್ಲ, ಆ ಕೂಸಿಂದೂ ಅಲ್ಲ," ಅಂದಳು. "ಕಿವಿ ಹೋದದ್ದ ನಂದು. ಕಿವಿ ಇಲ್ಲದಾಕಿ ಗುಡ್ಡಾ ಕಾಯಬಾರದಪಾ."

ಅಂದೇ ಸಂಜೆ ಎಲ್ಲರ ಕುಡುಗೋಲುಗಳನ್ನೂ ಅವರವರ ಮನೆಗೆ ಮುಟ್ಟಿಸಿದಳು. ಮರುವರ್ಷ ಓಣಿಯವರು ತಾವಾಗಿಯೇ ತಂದರೂ ಮುಟ್ಟಲಿಲ್ಲ. ಆಮೇಲೆ ಯಾರಿಗೆ ಬೇಕೆನಿಸಿದಾಗ ಅವರು ಕೊಯ್ದರು. ಕೌಜುಗಗಳ ಕೂಗು ಕಡಿಮೆಯಾಯಿತು, ಕೆಲವೇ ಮಳೆಗಾಲಗಳಲ್ಲಿ ನಿಂತೇಹೋಯಿತು. ಮೋತಿ ಮಾತ್ರ ಚೆಂದದ ಮರಿ ಹಾಕಿತು. ಅದನ್ನು ಮುದ್ದಿಸಲು ನನಗೆ ಕೈ ಬರಲಿಲ್ಲ. ಆಯಿ ಸಾಯುವತನಕವೂ ನಾನು ನಿಜ ಹೇಳಲಿಲ್ಲ. ಹೇಳಲು ಬಾಯಿ ತೆರೆದಾಗಲೆಲ್ಲ ಅವಳಿಗೆ ಕೇಳುವಂತೆ ಕೂಗಿ ಹೇಳಬೇಕಿತ್ತು, ಅಷ್ಟು ಧೈರ್ಯ ನನ್ನಲ್ಲಿರಲಿಲ್ಲ.

ಮದುವೆಯಾಗಿ ನರಗುಂದಕ್ಕೆ ಬಂದೆ. ಇಲ್ಲಿಯೂ ಮನೆಯ ಹಿಂದೆ ಗುಡ್ಡವಿದೆ, ಹುಲ್ಲಿದೆ. ಈಗ ನನಗೂ ಕಿವಿ ಮಂದ. ಆಯಿಯ ಕಥೆಯನ್ನು ಮೊಮ್ಮಗಳಿಗೆ ಹೇಳಿದ್ದೇನೆ, ನನ್ನ ಸುಳ್ಳೊಂದನ್ನು ಬಿಟ್ಟು. ನಿನ್ನೆ ಬೆಳಿಗ್ಗೆ ಅವಳು ಗುಡ್ಡದಿಂದ ಓಡಿಬಂದು ನನ್ನ ಕಿವಿಗೆ ಬಾಯಿಟ್ಟು, "ಆಯೀ, ಕೌಜುಗ ಕೂಗಾಕತ್ತೈತಿ!" ಎಂದಳು. ಖರೆಯೇ ಕೇಳಿಸಿತೋ, ನನ್ನ ಮೇಲಿನ ಅಕ್ಕರೆಗೆ ಹೇಳಿದಳೋ, ನಾನು ಕೇಳಲಿಲ್ಲ. ಒಳಗೆ ಹೋಗಿ ಅರಿಷಿಣದ ಬಟ್ಟಲು ಹುಡುಕಿದೆ.