ನಂಬರಪ್ಪನ ಹೊಟ್ಟೆಕಿಚ್ಚು, ಸೂಜಿಯ ಅಂತರ

ಪಂಪು ತಯಾರಿಸುವ ಆ ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವನು ನಂಬರಪ್ಪ. ಇಪ್ಪತ್ತೆರಡು ವರ್ಷ ಪ್ರತಿ ಪಂಪಿನ ಎರಕದ ಮೈಮೇಲೆ ಉಕ್ಕಿನ ಅಚ್ಚು ಇಟ್ಟು, ಸುತ್ತಿಗೆಯಿಂದ ಕುಟ್ಟಿ, ಎಂಟಂಕಿಯ ನಂಬರು ಮೂಡಿಸಿದವನು. ಪೆಟ್ಟಿಗೆಯಲ್ಲಿ ಹತ್ತು ಅಂಕಿಗೆ ಒಂಬತ್ತೇ ಅಚ್ಚು. ಆರನ್ನು ತಲೆಕೆಳಗು ಮಾಡಿದರೆ ಒಂಬತ್ತಾಯಿತಲ್ಲ! ಸಾಲು ಸೊಟ್ಟಗಾದರೆ "ಕೈಕೆಲಸ ಕಣ್ರೀ" ಎಂದು ಮೀಸೆ ತಿರುವುತ್ತಿದ್ದ.

ಆಮೇಲೆ ಬಂತು ಚುಕ್ಕಿ ಕುಟ್ಟುವ ಮಿಷನ್ನು. ಗಾಳಿಯ ಒತ್ತಡಕ್ಕೆ ಗಟ್ಟಿ ಸೂಜಿಯೊಂದು ಟರ್ರೆಂದು ಕುಣಿದು, ಚುಕ್ಕಿಗೆ ಚುಕ್ಕಿ ಸೇರಿಸಿ, ಎಂಟಂಕಿಯನ್ನು ನಾಲ್ಕೇ ಸೆಕೆಂಡಿನಲ್ಲಿ ಬರೆದುಬಿಡುತ್ತಿತ್ತು. ಇವನಿಗೆ ಒಂದೂವರೆ ನಿಮಿಷ ಬೇಕು. ಮಿಷನ್ನನ್ನಾದರೂ ಸಹಿಸಿಕೊಳ್ಳುತ್ತಿದ್ದನೇನೋ, ಅದರ ಮುಂದೆ ಕೂತವಳು ಅವನ ಹೆಂಡತಿಯ ತಂಗಿ! ಕಂಡವರ ಕೈಕಾಲು ಹಿಡಿದು ಅವಳನ್ನು ಪ್ಯಾಕಿಂಗಿಗೆ ಸೇರಿಸಿದವನು ಇವನೇ. "ನನ್ನ ತಂಗಿ ದಿನಕ್ಕೆ ಆರುನೂರು ಹೊಡೀತಾಳಂತೆ" ಎಂದು ಹೆಂಡತಿ ಊಟದ ಹೊತ್ತಿಗೆ ಹೇಳಿದರೆ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದ.

"ಆ ಡಬ್ಬಾನ ನಾನು ಮುಟ್ಟೋನೂ ಅಲ್ಲ" ಎಂದು ಎಲ್ಲರೆದುರು ಜಂಬ ಕೊಚ್ಚಿದ. ಆದರೆ ಕಣ್ಣು ಕೀಳದೆ ನೋಡಿದ. ಸೂಜಿಗೂ ಲೋಹಕ್ಕೂ ನಡುವಿನ ಅಂತರ ಸ್ವಲ್ಪ ಹೆಚ್ಚಿದರೂ ಪೆಟ್ಟು ತೇಲುತ್ತದೆ, ಚುಕ್ಕಿ ಆಳಕ್ಕಿಳಿಯುವುದಿಲ್ಲ, ಬಣ್ಣ ಬಳಿದರೆ ನಂಬರು ಮುಚ್ಚಿಹೋಗುತ್ತದೆ ಎಂಬುದನ್ನು ತಿಂಗಳೊಳಗೆ ಅರೆದು ಕುಡಿದ. ಅವಳು ಆ ಅಂತರ ಅಳೆಯುವುದು ಬೆಳಿಗ್ಗೆ ಒಂದೇ ಸಲ ಎಂಬುದನ್ನೂ ಕಂಡುಕೊಂಡ.

ಒಂದು ದಿನ ಎಲ್ಲರೂ ಊಟಕ್ಕೆ ಹೋದಾಗ ಸೂಜಿಯ ತಲೆಯನ್ನು ತುಸುವೇ ಮೇಲೆತ್ತಿ ಬೋಲ್ಟು ಬಿಗಿದುಬಿಟ್ಟ.

ಸಂಜೆ ಬಣ್ಣದ ಕೋಣೆಯಿಂದ ಬಂದ ಅರವತ್ತು ಪಂಪುಗಳ ಮೈ ನುಣ್ಣಗಿತ್ತು. ಸೂಪರ್‌ವೈಸರ್ ಸಿಡುಕಿದ: "ನಾಳೆಯಿಂದ ನೀನು ಪ್ಯಾಕಿಂಗಿಗೇ ಹೋಗಮ್ಮ." ನಂಬರಪ್ಪನ ಹೊಟ್ಟೆ ತಣ್ಣಗಾಯಿತು. ಅವಳು ಸ್ಪ್ಯಾನರ್ ಹಿಡಿದು ನೇರ ಇವನ ಹತ್ತಿರ ಬಂದಳು.

"ಭಾವ, ಆ ಬೋಲ್ಟ್ ಬಿಚ್ಚಿಕೊಡಿ. ನನ್ನ ಕೈಲಿ ಆಗ್ತಿಲ್ಲ. ಇಷ್ಟು ಬಿಗಿಯೋ ಕೈ ಇಲ್ಲಿರೋದು ಒಂದೇ."

ಇವನ ಮುಖ ಸಪ್ಪಗಾಯಿತು. "ಸಾಹೇಬರಿಗೆ ಹೇಳ್ಲಿಲ್ವಾ?"

"ಹೇಳಿದ್ರೆ ಅಕ್ಕ ಮುಖ ಎಲ್ಲಿಟ್ಕೊಳ್ತಾಳೆ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲಾಗಲಿಲ್ಲ. ಹೋಗಿ ಸೂಪರ್‌ವೈಸರನ ಮುಂದೆ ತಪ್ಪೊಪ್ಪಿಕೊಂಡ. ಆತ ನಕ್ಕುಬಿಟ್ಟ. "ಮಿಷನ್ ಕಂಡ್ರೆ ಮಾರುದೂರ ಓಡೋರು ನೀವು! ನಾದಿನೀನ ಉಳಿಸೋಕೆ ಸುಳ್ಳು ಹೇಳ್ತಿದೀರಿ. ದೊಡ್ಡ ಮನಸ್ಸು ಬಿಡಿ."

ಬಾಯಿ ಮುಚ್ಚಿಕೊಂಡಿದ್ದರೆ ಬಚಾವಾಗುತ್ತಿದ್ದ, ಜೊತೆಗೆ ಒಳ್ಳೆಯವನೆಂಬ ಹೆಸರೂ ಬರುತ್ತಿತ್ತು. ಆ ಆಸೆ ಬರಲಿಲ್ಲವೆಂದಲ್ಲ. ಆದರೂ ಮಿಷನ್ನಿನ ಮುಂದೆ ಹೋಗಿ ಕೂತ. ಒಂದು ರದ್ದಿ ಎರಕ ಇಟ್ಟು, ಸೂಜಿಯ ತಲೆ ಮೇಲಿದ್ದ ಹಾಗೇ ಹೊಡೆದ, ಬರೀ ಗೀಚಿದಂತಾಯಿತು. ಬೋಲ್ಟು ಬಿಚ್ಚಿ, ತಲೆ ಇಳಿಸಿ ಹೊಡೆದ. ಎಂಟಂಕಿ ಆಳವಾಗಿ, ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ ಮೂಡಿತು. ಸೂಪರ್‌ವೈಸರನ ನಗು ಇಂಗಿತು. ನಂಬರಪ್ಪ ಅದನ್ನು ನೋಡಲಿಲ್ಲ. ತನ್ನ ಕೈಯಿಂದ ಮೊದಲ ಸಲ ಬಂದ ನೇರ ಸಾಲನ್ನೇ ಬೆರಳಿಂದ ಸವರುತ್ತಿದ್ದ.

ಮರುದಿನ ಪ್ಯಾಕಿಂಗಿಗೆ ಹೋದವನು ಅವನು. ಅವಳು ಮಿಷನ್ನಿಗೆ ಮರಳಿದಳು. ವಾರವಿಡೀ ಪೆಟ್ಟಿಗೆಗೆ ಪಂಪು ತುಂಬುತ್ತ ಆ ಟರ್ ಸದ್ದಿಗೆ ಕಿವಿಗೊಟ್ಟ. ಹಿಂದೆಯಾದರೆ ಅವಳು ಅಲ್ಲಿಂದ ಏಳಲಿ ಎಂದಷ್ಟೇ ಹೊಟ್ಟೆ ಉರಿಯುತ್ತಿತ್ತು. ಈಗ ಅಲ್ಲಿ ತಾನು ಕೂರಬೇಕೆಂದು ಉರಿಯಿತು. ಕೊನೆಗೆ ತಡೆಯಲಾರದೆ ಹೋಗಿ ನಿಂತ.

"ಒಂದೇ ಒಂದು ಪೀಸ್ ಹೊಡೀಲಾ?"

ಅವಳು ಸೂಜಿಯಿಂದ ಕಣ್ಣೆತ್ತಲಿಲ್ಲ. "ಬೇಡ ಭಾವ. ನಾನೀಗ ಊಟಕ್ಕೂ ಇಲ್ಲಿಂದ ಏಳೋದಿಲ್ಲ."